ಐದನೇ ಚಕ್ರದ ಲೆಕ್ಕ: ಭಾರದ ಟ್ರೇಲರ್ ಎಳೆಯಲು ಯಾವ ಲಾರಿ ಬೇಕು?



ಕಾಮರ್ಸ್ ವಿದ್ಯಾರ್ಥಿಗೆ ಲಾರಿಯ ಲೆಕ್ಕ ಯಾಕೆ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ನಮ್ಮ ಚಾಚಾ ಹದಿನೆಂಟು ವರ್ಷಗಳಿಂದ ಬೇರೆಯವರ ಟ್ರೇಲರ್ ಲಾರಿ ಓಡಿಸುತ್ತಿದ್ದಾರೆ. ತೋರಣಗಲ್ಲಿನಲ್ಲಿ ಉಕ್ಕಿನ ಸುರುಳಿ ತುಂಬಿ, ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಅರಬೈಲು ಘಟ್ಟ ಇಳಿದು ಕರಾವಳಿಗೆ ಹೋಗುವುದು ಅವರ ಕೆಲಸ. ಈ ವರ್ಷ ಅವರು ಸ್ವಂತಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಲಾರಿ ಕೊಳ್ಳಲು ಹೊರಟರು. ಒಬ್ಬ ದಲ್ಲಾಳಿ ಕಡಿಮೆ ಬೆಲೆಯ ಗಾಡಿಯೊಂದನ್ನು ತೋರಿಸಿ, "38 ಟನ್ ಆರಾಮಾಗಿ ಎಳೆಯುತ್ತೆ ಭಾಯ್, ಹಿಂದೆ ಎರಡು ಕಮಾನು ಪಟ್ಟಿ ಜಾಸ್ತಿ ಹಾಕಿಸಿಕೊಳ್ಳಿ ಸಾಕು" ಅಂದರು.

ಚಾಚಾ ಆ ಗಾಡಿಯ ಆರ್‌ಸಿ ನಕಲನ್ನು ನನ್ನ ಮುಂದೆ ಇಟ್ಟು, "ಬೇಟಾ, ನೀನು ಅಕೌಂಟ್ಸ್ ಓದ್ತೀಯಲ್ಲ, ಇದು ಲಾಭವೋ ನಷ್ಟವೋ ನೋಡಿ ಹೇಳು" ಅಂದರು. ಲಾಭ ನಷ್ಟ ನೋಡಲು ಕುಳಿತವನಿಗೆ ಮೊದಲು ತೂಕ ತಿಳಿಯಬೇಕಾಯಿತು. ತೂಕ ತಿಳಿಯದೆ ಲಾಭದ ಲೆಕ್ಕ ಶುರುವಾಗುವುದೇ ಇಲ್ಲ. ಆ ನಾಲ್ಕು ದಿನಗಳಲ್ಲಿ ಕಲಿತದ್ದನ್ನು ಇಲ್ಲಿ ಪಾಠದ ಹಾಗೆ ಬರೆದಿದ್ದೇನೆ. ನಮ್ಮ ಕಾಲೇಜಿನಲ್ಲಿ ಅನೇಕರ ಮನೆಯ ಊಟ ಲಾರಿಯಿಂದಲೇ ಬರುತ್ತದೆ. ಅವರಿಗೆ ಇದು ಉಪಯೋಗವಾಗಬಹುದು. ಉಳಿದವರಿಗೆ ಕೂಡು, ಕಳೆ, ಗುಣಿಸು, ಭಾಗಿಸು ಇಷ್ಟು ಬಂದರೆ ಸಾಕು.

ಐದನೇ ಚಕ್ರ ಎಂದರೇನು?

ಟ್ರೇಲರ್ ಲಾರಿ ಎಂದರೆ ಎರಡು ಗಾಡಿ. ಮುಂದೆ ಇಂಜಿನ್ ಮತ್ತು ಕ್ಯಾಬಿನ್ ಇರುವ ಎಳೆಯುವ ಲಾರಿ. ಇದನ್ನು ಕಾಗದಪತ್ರಗಳಲ್ಲಿ 'ಟ್ರ್ಯಾಕ್ಟರ್' ಎಂದೂ, ಲಾರಿಯವರು 'ಹಾರ್ಸ್' ಎಂದೂ ಕರೆಯುತ್ತಾರೆ. ಹಿಂದೆ ಸರಕು ಹೊರುವ ಟ್ರೇಲರ್. ಟ್ರೇಲರಿಗೆ ಹಿಂಭಾಗದಲ್ಲಿ ಮಾತ್ರ ಚಕ್ರಗಳಿವೆ, ಮುಂಭಾಗದಲ್ಲಿ ಇಲ್ಲ. ಅದರ ಮುಂಭಾಗ ಎಳೆಯುವ ಲಾರಿಯ ಬೆನ್ನ ಮೇಲೆ ಕೂರುತ್ತದೆ.

ಲಾರಿಯ ಬೆನ್ನ ಮೇಲೆ ಗ್ರೀಸ್ ಹಚ್ಚಿದ ದಪ್ಪ ಕಬ್ಬಿಣದ ತಟ್ಟೆ ಇರುವುದನ್ನು ನೀವು ನೋಡಿರಬಹುದು. ಅದೇ ಫಿಫ್ತ್ ವೀಲ್, ಅಂದರೆ ಐದನೇ ಚಕ್ರ. ಟ್ರೇಲರಿನ ಕೆಳಗೆ ಇಳಿಬಿದ್ದಿರುವ ಕಿಂಗ್ ಪಿನ್ ಎಂಬ ಉಕ್ಕಿನ ಗೂಟ ಆ ತಟ್ಟೆಯ ಸೀಳಿನೊಳಗೆ ಹೋಗಿ ಬೀಗ ಬೀಳುತ್ತದೆ. ಸಾಮಾನ್ಯ ಕಿಂಗ್ ಪಿನ್ನಿನ ದಪ್ಪ 2 ಅಂಗುಲ, ಅಂದರೆ 50.8 ಮಿಲಿಮೀಟರ್. ಇನ್ನೂ ಹೆಚ್ಚಿನ ಭಾರಕ್ಕೆ 3.5 ಅಂಗುಲದ ಪಿನ್ ಇದೆ. ನಲವತ್ತು ಟನ್ ಗಾಡಿಯನ್ನು ಲಾರಿಗೆ ಕಟ್ಟಿರುವುದು ನಮ್ಮ ಮುಂಗೈಯಷ್ಟು ದಪ್ಪದ ಒಂದು ಗೂಟ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು.

ತಿರುಗದ ಈ ತಟ್ಟೆಗೆ 'ಚಕ್ರ' ಎಂಬ ಹೆಸರು ಕುದುರೆ ಗಾಡಿಗಳ ಕಾಲದಿಂದ ಬಂದದ್ದು. ನಾಲ್ಕು ಚಕ್ರದ ಸಾರೋಟಿನಲ್ಲಿ ಮುಂದಿನ ಅಚ್ಚು ಎಡಕ್ಕೆ ಬಲಕ್ಕೆ ತಿರುಗಲು ಅದರ ಮೇಲೆ ಒಂದು ಬಳೆ ಇಡುತ್ತಿದ್ದರು. ಅದು ಮಲಗಿಸಿದ ಚಕ್ರದಂತೆ ಕಾಣುತ್ತಿತ್ತು. ಹಾಗಾಗಿ ಐದನೆಯದು. ಮೋಟಾರು ಬಂದ ಮೇಲೆ ಹೆಸರು ಉಳಿಯಿತು. 1914ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಆಗಸ್ಟ್ ಫ್ರೂಹಾಫ್ ಎಂಬ ಕಮ್ಮಾರರು ಮರದ ವ್ಯಾಪಾರಿಯೊಬ್ಬರ ದೋಣಿಯನ್ನು ಫೋರ್ಡ್ ಮಾಡೆಲ್ ಟಿ ಕಾರಿಗೆ ಕಟ್ಟಿ ಎಳೆಯಲು ಒಂದು ಸೆಮಿ ಟ್ರೇಲರ್ ಮಾಡಿಕೊಟ್ಟರು. ಮುಂದೆ ಅದೇ ಅವರ ದೊಡ್ಡ ಉದ್ಯಮವಾಯಿತು.

ಎಳೆಯುವುದು ಬೇರೆ, ಹೊರುವುದು ಬೇರೆ

ಈ ಪಾಠದ ಮುಖ್ಯ ಮಾತು ಇದು. ಹಗ್ಗ ಕಟ್ಟಿ ಎಳೆಯುವ ಗಾಡಿ ಬರೀ ಎಳೆಯುತ್ತದೆ. ಫಿಫ್ತ್ ವೀಲ್ ಇರುವ ಗಾಡಿ ಎಳೆಯುವುದರ ಜೊತೆಗೆ ಟ್ರೇಲರಿನ ಭಾರದಲ್ಲಿ ಒಂದು ಪಾಲನ್ನು ತನ್ನ ಬೆನ್ನ ಮೇಲೆ ಹೊರುತ್ತದೆ. "ಇಂಜಿನ್‌ಗೆ ತಾಕತ್ತಿದೆ" ಎನ್ನುವವರು ಎಳೆಯುವುದನ್ನು ಮಾತ್ರ ನೋಡಿದ್ದಾರೆ, ಹೊರುವುದನ್ನು ಮರೆತಿದ್ದಾರೆ.

ಎತ್ತಿನ ಗಾಡಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚೀಲಗಳನ್ನು ಮುಂದಕ್ಕೆ ಒಟ್ಟಿದರೆ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಒಟ್ಟಿದರೆ ನೊಗ ಮೇಲೇಳುತ್ತದೆ. ಚೀಲಗಳ ಸಂಖ್ಯೆ ಎರಡೂ ಸಲ ಒಂದೇ. ಬದಲಾದದ್ದು ಜಾಗ ಮಾತ್ರ. ಟ್ರೇಲರಿನಲ್ಲಿ ಎತ್ತಿನ ಹೆಗಲಿನ ಜಾಗದಲ್ಲಿ ಫಿಫ್ತ್ ವೀಲ್ ಇದೆ.

ಅಮೆರಿಕದಲ್ಲಿ ಇದೇ ವ್ಯವಸ್ಥೆಯನ್ನು ಚಿಕ್ಕದಾಗಿ ಮನೆಮಂದಿಯೂ ಬಳಸುತ್ತಾರೆ. ಪಿಕಪ್ ಗಾಡಿಯ ತೊಟ್ಟಿಯಲ್ಲಿ ಫಿಫ್ತ್ ವೀಲ್ ಕೂರಿಸಿ, ಮಲಗುವ ಕೋಣೆ, ಅಡುಗೆಮನೆ ಇರುವ ದೊಡ್ಡ ಟ್ರೇಲರ್ ಮನೆಯನ್ನು ಎಳೆದುಕೊಂಡು ಪ್ರವಾಸ ಹೋಗುತ್ತಾರೆ. ಅಂಥ ಟ್ರೇಲರಿನ ತೂಕದಲ್ಲಿ ಸಾಮಾನ್ಯವಾಗಿ ಶೇ. 15ರಿಂದ 25ರಷ್ಟು ಪಿನ್ನಿನ ಮೇಲೆ ಬೀಳುತ್ತದೆ. ಉದಾಹರಣೆಗೆ, ಒಂದು ಪಿಕಪ್ 6,500 ಕಿಲೋ ಎಳೆಯಬಲ್ಲದು ಎಂದು ಜಾಹೀರಾತಿನಲ್ಲಿ ಇದೆ ಎನ್ನೋಣ. ಟ್ರೇಲರ್ 6,000 ಕಿಲೋ. ಸರಿಯಾಯಿತು ಅನ್ನಿಸುತ್ತದೆ. ಆದರೆ ಅದರ ಶೇ. 20 ಎಂದರೆ 1,200 ಕಿಲೋ ಪಿಕಪ್‌ನ ಬೆನ್ನಿಗೆ ಬಂತು. ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ "ಜನ ಮತ್ತು ಸಾಮಾನು ಸೇರಿ 900 ಕಿಲೋ ಮೀರಬಾರದು" ಎಂದಿದ್ದರೆ, ಮನೆಯವರು ಹತ್ತುವ ಮೊದಲೇ ಗಾಡಿಗೆ 300 ಕಿಲೋ ಹೆಚ್ಚಾಗಿದೆ. ಎಳೆಯುವ ಅಂಕಿ ನೋಡಿ ಕೊಂಡವರು ಹೊರುವ ಅಂಕಿಯಲ್ಲಿ ಸೋತರು. ಪಿಕಪ್ ಆಗಲಿ, ಹದಿನೆಂಟು ಚಕ್ರದ ಲಾರಿಯಾಗಲಿ, ತಪ್ಪು ಆಗುವುದು ಇದೇ ಜಾಗದಲ್ಲಿ.

ಕಾನೂನಿನ ಅಂಕಿಗಳು

ನಮ್ಮ ದೇಶದಲ್ಲಿ ಪ್ರತಿ ಅಚ್ಚಿನ ಮೇಲೆ, ಅಂದರೆ ಆಕ್ಸಲ್ ಮೇಲೆ, ಎಷ್ಟು ಭಾರ ಬೀಳಬಹುದು ಎಂದು ಕೇಂದ್ರ ಸರ್ಕಾರ ನಿಗದಿ ಮಾಡಿದೆ. 2018ರ ಜುಲೈನಲ್ಲಿ ಈ ಮಿತಿಗಳನ್ನು ಹೆಚ್ಚಿಸಲಾಯಿತು. ನಮಗೆ ಬೇಕಾದವು ನಾಲ್ಕು:

ಸ್ಟೇರಿಂಗ್ ಇರುವ ಮುಂದಿನ ಆಕ್ಸಲ್, ಎರಡು ಟಯರ್: 7 ಟನ್.
ನಾಲ್ಕು ಟಯರಿನ ಒಂಟಿ ಆಕ್ಸಲ್: 11.5 ಟನ್.
ಎರಡು ಆಕ್ಸಲ್ ಜೋಡಿ: 21 ಟನ್.
ಟ್ರೇಲರಿನ ಮೂರು ಆಕ್ಸಲ್ ಗುಂಪು: 27 ಟನ್.

ಎಳೆಯುವ ಲಾರಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಹಿಂದೆ ಒಂದೇ ಆಕ್ಸಲ್ ಇರುವುದು 4x2, ಅಂದರೆ ಆರು ಟಯರಿನದು. ಹಿಂದೆ ಎರಡು ಆಕ್ಸಲ್ ಇದ್ದು ಎರಡಕ್ಕೂ ಇಂಜಿನ್ ಶಕ್ತಿ ಹೋಗುವುದು 6x4, ಅಂದರೆ ಹತ್ತು ಟಯರಿನದು. ಮೂರು ಆಕ್ಸಲಿನ ಟ್ರೇಲರ್ ಕಟ್ಟಿದಾಗ:

4x2: 7 + 11.5 + 27 = 45.5 ಟನ್.
6x4: 7 + 21 + 27 = 55 ಟನ್.

ಇದು ಲಾರಿ, ಟ್ರೇಲರ್, ಸರಕು, ಡೀಸೆಲ್, ಡ್ರೈವರ್, ಕ್ಲೀನರ್ ಎಲ್ಲವೂ ಸೇರಿದ ಒಟ್ಟು ತೂಕ. ಹಳೆಯ ಮಿತಿಯಲ್ಲಿ 4x2ಗೆ 40.2 ಟನ್, 6x4ಗೆ 49 ಟನ್ ಇತ್ತು. ಆದ್ದರಿಂದ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದಲ್ಲಾಳಿಯ ಬಾಯಿಂದಲ್ಲ, ಆರ್‌ಸಿಯಿಂದ ಅಂಕಿ ಓದಬೇಕು. ಗಾಡಿಯ ಹೆಸರೂ ಸ್ವಲ್ಪ ಹೇಳುತ್ತದೆ. ಟಾಟಾ 5530 ಎಂದರೆ 55 ಟನ್ ಮತ್ತು ಸುಮಾರು 300 ಅಶ್ವಶಕ್ತಿ. ಆದರೂ ಹೆಸರು ಸುಳಿವು ಮಾತ್ರ, ಆರ್‌ಸಿಯೇ ಪ್ರಮಾಣ.

ಈಗ ಚಾಚಾ ನೋಡಿದ ಗಾಡಿ

ಅದು 4x2. ಖಾಲಿ ತೂಕ ಸುಮಾರು 7 ಟನ್. ಟ್ರೇಲರಿನ ಖಾಲಿ ತೂಕ ಸುಮಾರು 8 ಟನ್. ಲೆಕ್ಕ ಸುಲಭವಾಗಲಿ ಎಂದು ಪೂರ್ಣಾಂಕದಲ್ಲಿ ಹಿಡಿಯುತ್ತೇನೆ.

45.5 − 7 − 8 = 30.5 ಟನ್ ಸರಕು.

ದಲ್ಲಾಳಿ ಹೇಳಿದ 38 ಟನ್‌ಗೆ ಇದು ಏಳೂವರೆ ಟನ್ ಕಡಿಮೆ. ನಾನು ಇಲ್ಲಿಗೆ ಪುಸ್ತಕ ಮುಚ್ಚಿದ್ದೆ. ಆದರೆ ಚಾಚಾ, "ಒಟ್ಟು ಸರಿ, ಒಂದೊಂದು ಆಕ್ಸಲ್ ನೋಡು" ಅಂದರು. ಅಕೌಂಟ್ಸ್‌ನಲ್ಲೂ ಹಾಗೆಯೇ ಅಲ್ಲವೇ? ಟ್ರಯಲ್ ಬ್ಯಾಲೆನ್ಸ್ ಕೂಡಿಬಂದ ಮಾತ್ರಕ್ಕೆ ಪ್ರತಿ ಲೆಡ್ಜರ್ ಖಾತೆ ಸರಿ ಇದೆ ಎಂದಲ್ಲ.

ಹಾಗಾದರೆ ಒಂದೊಂದೇ ನೋಡೋಣ. ಖಾಲಿ ಲಾರಿಯ 7 ಟನ್‌ನಲ್ಲಿ ಇಂಜಿನ್ ಮುಂದಿರುವುದರಿಂದ ಮುಂದಿನ ಆಕ್ಸಲ್ ಮೇಲೆ 4.5, ಹಿಂದಿನದರ ಮೇಲೆ 2.5 ಟನ್ ಎನ್ನೋಣ. ಎರಡು ಆಕ್ಸಲ್ ನಡುವಿನ ದೂರ 3.6 ಮೀಟರ್. ಫಿಫ್ತ್ ವೀಲ್ ಹಿಂದಿನ ಆಕ್ಸಲ್‌ಗಿಂತ 0.6 ಮೀಟರ್ ಮುಂದೆ ಇದೆ. ಸನ್ನೆಕೋಲಿನ ನಿಯಮದಂತೆ ಪಿನ್ನಿನ ಮೇಲೆ ಬಿದ್ದ ಭಾರದಲ್ಲಿ 0.6 ÷ 3.6, ಅಂದರೆ ಆರರಲ್ಲಿ ಒಂದು ಪಾಲು ಮುಂದಕ್ಕೆ, ಐದು ಪಾಲು ಹಿಂದಕ್ಕೆ ಹೋಗುತ್ತದೆ.

ಸರಕು 30.5 ತುಂಬಿದರೆ ಟ್ರೇಲರ್ ಒಟ್ಟು 38.5 ಟನ್. ಅದರ ಮೂರು ಆಕ್ಸಲ್ ಗರಿಷ್ಠ 27 ಹೊತ್ತರೆ ಉಳಿದ 11.5 ಪಿನ್ನಿಗೆ. ಅದರಲ್ಲಿ ಸುಮಾರು 1.9 ಮುಂದಕ್ಕೆ, 9.6 ಹಿಂದಕ್ಕೆ.

ಮುಂದಿನ ಆಕ್ಸಲ್: 4.5 + 1.9 = 6.4. ಮಿತಿ 7. ಸರಿ.
ಹಿಂದಿನ ಆಕ್ಸಲ್: 2.5 + 9.6 = 12.1. ಮಿತಿ 11.5. ತಪ್ಪು.

ಒಟ್ಟು ಸರಿಯಿದ್ದರೂ ಒಂದು ಆಕ್ಸಲ್ ಸೋತಿತು. ಹಿಂದಿನ ಆಕ್ಸಲ್ 11.5 ಮೀರಬಾರದು ಎಂದರೆ ಪಿನ್ನಿನ ಭಾರ 10.8 ಟನ್ ಮೀರಬಾರದು. ಆಗ ಟ್ರೇಲರ್ 37.8, ಸರಕು 29.8 ಟನ್. ಅಂದರೆ ಈ ಲಾರಿಯ ನಿಜವಾದ ಗರಿಷ್ಠ 30.5 ಅಲ್ಲ, 29.8. ಅದೂ ಸರಕು ಸರಿಯಾದ ಜಾಗದಲ್ಲಿ ಕೂತರೆ ಮಾತ್ರ.

ಅರ್ಧ ಮೀಟರಿನ ಜಾಗ

ಉಕ್ಕಿನ ಸುರುಳಿ ಅಕ್ಕಿ ಚೀಲದಂತಲ್ಲ. ಒಂದೊಂದು ಸುರುಳಿ 20 ಟನ್ ಮೀರಬಹುದು. ಅಷ್ಟೂ ಭಾರ ಒಂದೇ ಜಾಗದಲ್ಲಿ ಕೂರುತ್ತದೆ. ಅದನ್ನು ಎಲ್ಲಿ ಇಡಬೇಕು?

ಕಿಂಗ್ ಪಿನ್ನಿನಿಂದ ಟ್ರೇಲರಿನ ನಡುವಿನ ಆಕ್ಸಲ್‌ಗೆ 8 ಮೀಟರ್ ಇರಲಿ. ಖಾಲಿ ಟ್ರೇಲರಿನ 8 ಟನ್‌ನಲ್ಲಿ 2 ಪಿನ್ನಿಗೆ, 6 ಆಕ್ಸಲ್‌ಗಳಿಗೆ. ಸರಕು 28 ಟನ್. ಸರಕಿನ ಭಾರದ ನಡು ಪಿನ್ನಿನಿಂದ ಎಷ್ಟು ದೂರ ಇದೆಯೋ ಅದನ್ನು 8ರಿಂದ ಭಾಗಿಸಿ 28ರಿಂದ ಗುಣಿಸಿದರೆ ಆಕ್ಸಲ್‌ಗಳ ಪಾಲು ಸಿಗುತ್ತದೆ. ಉಳಿದದ್ದು ಪಿನ್ನಿನ ಪಾಲು.

4.5 ಮೀಟರಿನಲ್ಲಿ ಇಟ್ಟರೆ: ಟ್ರೇಲರ್ ಆಕ್ಸಲ್ 21.75, ಪಿನ್ 14.25. ಲಾರಿಯ ಹಿಂದಿನ ಆಕ್ಸಲ್ 14.4 ಟನ್. ಮಿತಿಗಿಂತ ಸುಮಾರು 3 ಟನ್ ಹೆಚ್ಚು.
7 ಮೀಟರಿನಲ್ಲಿ ಇಟ್ಟರೆ: ಟ್ರೇಲರ್ ಆಕ್ಸಲ್ 30.5. ಮಿತಿಗಿಂತ 3.5 ಟನ್ ಹೆಚ್ಚು. ಲಾರಿಯ ಹಿಂದಿನ ಚಕ್ರಗಳ ಮೇಲೆ 7.1 ಟನ್ ಮಾತ್ರ.
5.5ರಿಂದ 6 ಮೀಟರ್ ಒಳಗೆ ಇಟ್ಟರೆ: ಎಲ್ಲವೂ ಮಿತಿಯೊಳಗೆ.

ಮೂರು ಸಲವೂ ಒಟ್ಟು ತೂಕ 43 ಟನ್. ವೇ ಬ್ರಿಡ್ಜ್ ಚೀಟಿ ಮೂರು ಸಲವೂ "ಸರಿ" ಎನ್ನುತ್ತದೆ. ಆದರೆ ಸುರಕ್ಷಿತ ಜಾಗ ಇರುವುದು ಅರ್ಧ ಮೀಟರ್ ಮಾತ್ರ. ಒಂದು ಮೊಳ ಚಿಲ್ಲರೆ! ಸುರುಳಿಯನ್ನು ಕ್ರೇನ್ ಇಳಿಸುವಾಗ ಡ್ರೈವರ್‌ಗಳು ಯಾಕೆ ಅಷ್ಟು ಕೂಗಾಡುತ್ತಾರೆ ಎಂದು ನನಗೆ ಈಗ ತಿಳಿಯಿತು.

ಭಾರ ಬಹಳ ಮುಂದೆ ಬಿದ್ದರೆ ಲಾರಿಯ ಹಿಂದಿನ ಟಯರ್, ಆಕ್ಸಲ್, ಬೇರಿಂಗ್ ಸೋಲುತ್ತವೆ. ಬಹಳ ಹಿಂದೆ ಬಿದ್ದರೆ, ನೊಗ ಎದ್ದ ಗಾಡಿಯಂತೆ, ಎಳೆಯುವ ಚಕ್ರಗಳಿಗೆ ಹಿಡಿತ ಸಾಲದು. ಮಳೆಯಲ್ಲಿ ಏರು ಹತ್ತುವಾಗ ಚಕ್ರ ನಿಂತಲ್ಲೇ ತಿರುಗುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಆ ಚಕ್ರಗಳು ಬೇಗ ಜಾರುತ್ತವೆ, ಹಿಂದಿನಿಂದ ಟ್ರೇಲರ್ ತಳ್ಳುತ್ತದೆ, ಮಡಚುವ ಚಾಕುವಿನಂತೆ ಗಾಡಿ ಮಡಚಿಕೊಳ್ಳುತ್ತದೆ.

ಘಟ್ಟ ಇಳಿಯುವಾಗ

ಲಾರಿ ಕೊಳ್ಳುವವರು ಏರು ಹತ್ತುವ ಶಕ್ತಿ ಕೇಳುತ್ತಾರೆ. ಚಾಚಾ ಹೇಳುವುದು ಬೇರೆ: "ಹತ್ತದಿದ್ದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ನಿಲ್ಲದಿದ್ದರೆ ಏನು?"

ಪ್ರತಿ 100 ಮೀಟರಿಗೆ 6 ಮೀಟರ್ ಇಳಿಯುವ ರಸ್ತೆಯಲ್ಲಿ ಗಾಡಿಯ ತೂಕದ ಸುಮಾರು ಶೇ. 6 ಭಾಗ ಅದನ್ನು ಮುಂದಕ್ಕೆ ತಳ್ಳುತ್ತದೆ. 45 ಟನ್‌ಗೆ ಅದು 2.7 ಟನ್. ಯಾರೋ ಹಿಂದಿನಿಂದ ಬಿಡದೆ ಅಷ್ಟು ಬಲದಿಂದ ನೂಕುತ್ತಿದ್ದಂತೆ.

ಈ ಶಕ್ತಿಯನ್ನು ಇಂಜಿನ್ ಮತ್ತು ಬ್ರೇಕ್ ತಡೆದು ಶಾಖವಾಗಿ ಬದಲಿಸಬೇಕು. ಎಷ್ಟು ಶಾಖ? 45 ಟನ್ ಗಾಡಿ 100 ಮೀಟರ್ ಎತ್ತರದಿಂದ ಇಳಿದರೆ ಸುಮಾರು 44 ಮೆಗಾ ಜೂಲ್. ಇಷ್ಟರಿಂದ 30 ಡಿಗ್ರಿಯ 150 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಮದುವೆ ಮನೆಯ ದೊಡ್ಡ ದೇಗನ್ನು ನೆನಪಿಸಿಕೊಳ್ಳಿ. ಘಟ್ಟದಲ್ಲಿ ಪ್ರತಿ 100 ಮೀಟರ್ ಇಳಿದಾಗಲೂ ಅಂಥ ದೇಗು ಕುದಿಸುವಷ್ಟು ಶಾಖ ಹುಟ್ಟುತ್ತದೆ. ಬ್ರೇಕ್ ಒಂದನ್ನೇ ನಂಬಿದರೆ ಅದೆಲ್ಲ ಡ್ರಮ್‌ಗಳಿಗೆ ಹೋಗುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನಿಂಗ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಎಷ್ಟು ಒತ್ತಿದರೂ ಗಾಡಿ ನಿಲ್ಲದು. ಅದಕ್ಕೇ ಅನುಭವಸ್ಥರು ಇಳಿಜಾರು ಶುರುವಾಗುವ ಮೊದಲೇ ಕಡಿಮೆ ಗೇರಿಗೆ ಹಾಕಿ, ಇಂಜಿನ್ ಬ್ರೇಕ್ ಬಳಸಿ, ನಿಧಾನ ಇಳಿಯುತ್ತಾರೆ.

38 ಟನ್ ಸರಕು ತುಂಬಿದ್ದರೆ ಗಾಡಿ 53 ಟನ್. ಅದೇ 100 ಮೀಟರಿಗೆ ದೇಗಿನಲ್ಲಿ 177 ಲೀಟರ್ ನೀರು. ಬ್ರೇಕ್ ಮಾತ್ರ 45.5 ಟನ್‌ನ ಗಾಡಿಗೆ ಮಾಡಿದ್ದು. ಎರಡು ಕಮಾನು ಪಟ್ಟಿ ಹೆಚ್ಚು ಹಾಕಿದರೆ ಗಾಡಿಯ ಬೆನ್ನು ಬಾಗುವುದಿಲ್ಲ, ನೋಡಲು ಚೆನ್ನಾಗಿ ಕಾಣುತ್ತದೆ. ಬ್ರೇಕ್, ಆಕ್ಸಲ್, ಚಾಸಿ, ಟಯರ್ ಹಳೆಯವೇ. ಕಮಾನು ಪಟ್ಟಿ ಭಾರವನ್ನು ಹೊರುವುದಕ್ಕಿಂತ ಹೆಚ್ಚಾಗಿ ಭಾರವನ್ನು ಮುಚ್ಚಿಡುತ್ತದೆ.

ಟಯರ್ ಹೇಳುವ ಮಾತು

ಟಯರಿನ ಬದಿಯಲ್ಲಿ ಲೋಡ್ ಇಂಡೆಕ್ಸ್ ಎಂಬ ಅಂಕಿ ಇರುತ್ತದೆ. 146/143 ಎಂದಿದ್ದರೆ ಒಂಟಿಯಾಗಿ ಹಾಕಿದಾಗ 3,000 ಕಿಲೋ, ಜೋಡಿಯಾಗಿ ಹಾಕಿದಾಗ ಒಂದೊಂದಕ್ಕೆ 2,725 ಕಿಲೋ. ಹಿಂದಿನ ಆಕ್ಸಲ್‌ನಲ್ಲಿ ನಾಲ್ಕು ಟಯರ್: 4 × 2,725 = 10,900 ಕಿಲೋ. ಆಕ್ಸಲ್ ಮಿತಿ 11,500. ಅಂದರೆ ಕಾನೂನು ಒಪ್ಪಿದ ಭಾರವನ್ನೂ ಈ ಟಯರ್ ಹೊರಲಾರದು. ಇನ್ನೂ ಹೆಚ್ಚಿನ ಅಂಕಿಯ ಟಯರ್ ಬೇಕು. ಚಾಚಾ ನೋಡಿದ ಗಾಡಿಗೆ 38 ಟನ್ ತುಂಬಿ ಸರಿಯಾದ ಜಾಗದಲ್ಲೇ ಇಟ್ಟರೂ ಹಿಂದಿನ ಆಕ್ಸಲ್ ಮೇಲೆ 13.7 ಟನ್ ಬರುತ್ತದೆ. ಒಂದೊಂದು ಟಯರಿಗೆ 3.4 ಟನ್. ಬೇಸಿಗೆಯಲ್ಲಿ ಕಾದ ಡಾಂಬರಿನ ಮೇಲೆ ಅದು ಸಿಡಿದರೆ ತಪ್ಪು ಟಯರಿನದಲ್ಲ.

ಕಾಮರ್ಸ್‌ನವರ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. ಒಂದು ಟ್ರಿಪ್‌ಗೆ ಬಾಡಿಗೆ ಟನ್‌ಗೆ 1,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 30 ಟನ್ ಬದಲು 38 ಟನ್ ತುಂಬಿದರೆ ಟ್ರಿಪ್‌ಗೆ 8,000 ಹೆಚ್ಚು. ಆಸೆ ಹುಟ್ಟಿಸುವ ಮೊತ್ತವೇ.

2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಅತಿಭಾರಕ್ಕೆ ದಂಡ 20,000 ರೂಪಾಯಿ, ಜೊತೆಗೆ ಹೆಚ್ಚಿನ ಪ್ರತಿ ಟನ್‌ಗೆ 2,000. ಏಳು ಟನ್ ಹೆಚ್ಚು ಎಂದರೆ 34,000. ಹೆಚ್ಚಿನ ಸರಕನ್ನು ತನ್ನ ಖರ್ಚಿನಲ್ಲಿ ಇಳಿಸಿದ ಮೇಲೆಯೇ ಗಾಡಿ ಮುಂದೆ ಹೋಗಬೇಕು. ಉಕ್ಕಿನ ಸುರುಳಿಯನ್ನು ರಸ್ತೆ ಬದಿಯಲ್ಲಿ ಇಳಿಸುವುದು ಹೇಗೆ? ಕ್ರೇನ್ ಬಾಡಿಗೆ, ಇನ್ನೊಂದು ಲಾರಿ, ಎರಡು ದಿನ ನಿಂತ ಗಾಡಿ. ಒಂದು ಸಲ ಸಿಕ್ಕಿಬಿದ್ದರೆ ನಾಲ್ಕೈದು ಟ್ರಿಪ್‌ಗಳ ಹೆಚ್ಚಿನ ಸಂಪಾದನೆ ಹೋಯಿತು. ದಂಡ ಓಡಿಸಿದವರಿಗೆ ಮಾತ್ರವಲ್ಲ, ಓಡಿಸಲು ಬಿಟ್ಟವರಿಗೂ ಅನ್ವಯಿಸುತ್ತದೆ. ಚಾಚಾ ಇನ್ನು ಮೇಲೆ ಎರಡೂ ಆಗುತ್ತಾರೆ.

ಸಿಕ್ಕಿಬೀಳದಿದ್ದರೆ? ಆಗಲೂ ಖರ್ಚು ಇದೆ. ಅದು ನಿಧಾನವಾಗಿ ಬರುತ್ತದೆ: ಟಯರ್ ಬೇಗ ಸವೆತ, ಬ್ರೇಕ್ ಲೈನಿಂಗ್, ಕ್ಲಚ್, ಡೀಸೆಲ್. ಅಪಘಾತವಾದರೆ ವಿಮೆ ಕಂಪನಿ ತಕರಾರು ತೆಗೆಯಲು ಅತಿಭಾರವೇ ಮೊದಲ ಕಾರಣವಾಗಬಹುದು. ಇವೆಲ್ಲ ನಾವು ಓದುವ ಸವಕಳಿ ಮತ್ತು ಸಂಭಾವ್ಯ ಹೊಣೆಗಳು. ಪುಸ್ತಕದಲ್ಲಿ ಬರೆಯದಿದ್ದರೆ ಲಾಭ ಹೆಚ್ಚು ಕಾಣುತ್ತದೆ, ಆದರೆ ಅದು ಲಾಭವಲ್ಲ.

ಹಾಗಾದರೆ 6x4 ಕೊಳ್ಳಬೇಕೇ? ಅದರ ಖಾಲಿ ತೂಕ 9 ಟನ್ ಎಂದರೆ 55 − 9 − 8 = 38 ಟನ್. ದಲ್ಲಾಳಿ ಹೇಳಿದ ಅಂಕಿ ಇಲ್ಲಿ ನ್ಯಾಯವಾಗಿ ಬರುತ್ತದೆ, ಆಕ್ಸಲ್ ಲೆಕ್ಕಕ್ಕಾಗಿ ಒಂದೆರಡು ಟನ್ ಬಿಟ್ಟರೆ ನೆಮ್ಮದಿ. ಆದರೆ ಬೆಲೆ ಹೆಚ್ಚು, ಟಯರ್ ನಾಲ್ಕು ಹೆಚ್ಚು, ಡೀಸೆಲ್ ಹೆಚ್ಚು. ಸಿಗುವ ಲೋಡ್ ಸಾಮಾನ್ಯವಾಗಿ 25ರಿಂದ 28 ಟನ್ ಆಗಿದ್ದರೆ ಹತ್ತು ಟನ್ ಶಕ್ತಿ ಸುಮ್ಮನೆ ಓಡುತ್ತದೆ, ಕಂತು ಮಾತ್ರ ಪೂರ್ತಿ ಕಟ್ಟಬೇಕು. ಆದ್ದರಿಂದ "ಯಾವ ಲಾರಿ ಒಳ್ಳೆಯದು" ಎಂಬುದು ಮೊದಲ ಪ್ರಶ್ನೆಯಲ್ಲ. "ನನಗೆ ಯಾವ ಲೋಡ್ ಸಿಗುತ್ತದೆ, ಯಾವ ದಾರಿಯಲ್ಲಿ ಹೋಗಬೇಕು" ಎಂಬುದು ಮೊದಲ ಪ್ರಶ್ನೆ.

ಕೊಳ್ಳುವ ಮೊದಲು ನೋಡಬೇಕಾದವು

1. ಲಾರಿ ಮತ್ತು ಟ್ರೇಲರ್ ಎರಡರ ಆರ್‌ಸಿ, ಫಿಟ್‌ನೆಸ್, ವಿಮೆ. ಎರಡೂ ಬೇರೆ ಬೇರೆ ಗಾಡಿ, ಎರಡಕ್ಕೂ ಕಾಗದ ಬೇಕು.
2. ಖಾಲಿ ಗಾಡಿಯನ್ನು ವೇ ಬ್ರಿಡ್ಜ್‌ಗೆ ಒಯ್ದು ನಿಜವಾದ ತೂಕ. ಮೊದಲು ಮುಂದಿನ ಚಕ್ರ ಮಾತ್ರ ಹತ್ತಿಸಿ, ಆಮೇಲೆ ಪೂರ್ತಿ ಲಾರಿ, ಆಮೇಲೆ ಟ್ರೇಲರ್ ಸಮೇತ. ಮೂರು ಚೀಟಿ ಸಾಕು, ಉಳಿದದ್ದು ಕಳೆಯುವ ಲೆಕ್ಕ.
3. ಕಿಂಗ್ ಪಿನ್ ಸವೆದಿದೆಯೇ ಎಂದು ವರ್ನಿಯರ್ ಕ್ಯಾಲಿಪರ್‌ನಿಂದ ಅಳತೆ. ಫಿಫ್ತ್ ವೀಲ್ ತಟ್ಟೆಯಲ್ಲಿ ಬಿರುಕು, ಬೀಗದಲ್ಲಿ ಸಡಿಲ ಇದೆಯೇ ಎಂದು ಪರೀಕ್ಷೆ. ಪಿನ್ ಮತ್ತು ತಟ್ಟೆ ಒಂದೇ ಅಳತೆಯವೇ?
4. ಟಯರಿನ ಲೋಡ್ ಇಂಡೆಕ್ಸ್.
5. ಟ್ರೇಲರಿನ ಗಾಳಿ ಬ್ರೇಕಿನ ಪೈಪುಗಳು, ಪ್ರತಿ ಚಕ್ರದ ಬ್ರೇಕ್. ಇಂಜಿನ್ ಬ್ರೇಕ್ ಕೆಲಸ ಮಾಡುತ್ತದೆಯೇ?
6. ಪ್ರತಿ ಸಲ ಟ್ರೇಲರ್ ಕಟ್ಟಿದ ಮೇಲೆ ಕೆಳಗೆ ಬಗ್ಗಿ ಬೀಗ ಬಿದ್ದಿದೆಯೇ ಎಂದು ಕಣ್ಣಿನಿಂದ ನೋಡಿ, ಟ್ರೇಲರ್ ಬ್ರೇಕ್ ಹಿಡಿದು ಲಾರಿಯನ್ನು ಮೆಲ್ಲಗೆ ಮುಂದಕ್ಕೆ ಎಳೆದು ಪರೀಕ್ಷೆ. ಇದಕ್ಕೆ ಎರಡು ನಿಮಿಷ ಸಾಕು.

ಕೊನೆಯ ಮಾತು

ತೂಕದಲ್ಲಿ ಮೋಸ ಮಾಡಬಾರದು ಎಂದು ನಾವೆಲ್ಲ ಚಿಕ್ಕಂದಿನಲ್ಲೇ ಮದ್ರಸದಲ್ಲಿ ಕಲಿತಿದ್ದೇವೆ. ಅಂಗಡಿಯವನು ಕಡಿಮೆ ತೂಗಿದರೆ ಮೋಸ ಎಂದು ಮಾತ್ರ ನಾನು ಅಂದುಕೊಂಡಿದ್ದೆ. ಹೆಚ್ಚು ತೂಕ ಹೇರುವುದೂ ಮೋಸವೇ. ಅದರ ಬೆಲೆ ತೆರುವವರು ಘಟ್ಟದ ತಿರುವಿನಲ್ಲಿ ಎದುರಿನಿಂದ ಬರುವ ಬೈಕಿನವರು, ಬಸ್ಸಿನವರು. ಅವರಿಗೆ ನಮ್ಮ ಬಾಡಿಗೆಯಲ್ಲಿ ಒಂದು ಪೈಸೆಯ ಪಾಲೂ ಇಲ್ಲ.

ನಾನು ಈ ಲೆಕ್ಕವನ್ನು ಎರಡು ಹಾಳೆಯಲ್ಲಿ ಬರೆದು ಚಾಚಾ ಕೈಗೆ ಕೊಟ್ಟೆ. ಅವರು ಓದಿ, ಅರ್ಧ ಮೀಟರಿನ ಲೆಕ್ಕದ ಹತ್ತಿರ ಬೆರಳಿಟ್ಟು, "ಇದು ನನಗೆ ಕೈಯಲ್ಲಿ ಗೊತ್ತಿತ್ತು, ಕಾಗದದಲ್ಲಿ ಈಗ ನೋಡಿದೆ" ಅಂದರು. ದಲ್ಲಾಳಿಗೆ ಫೋನ್ ಮಾಡಿ, 38 ಟನ್‌ನ ಮಾತು ಬೇಡ, 28 ಟನ್‌ನ ಲೋಡ್ ಕಾಯಂ ಸಿಗುವುದಾದರೆ ಮಾತ್ರ ಆ ಗಾಡಿ ನೋಡುತ್ತೇನೆ, ಮೊದಲು ವೇ ಬ್ರಿಡ್ಜ್‌ಗೆ ತನ್ನಿ ಎಂದು ಹೇಳಿದರು. ಆ ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ. ಚಾಚಿ ಮಾತ್ರ ಆ ಎರಡು ಹಾಳೆಗಳನ್ನು ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ಎತ್ತಿಟ್ಟಿದ್ದಾರೆ.

ನೀವೇ ಮಾಡಿ ನೋಡಿ

ಒಂದು: ಮೇಲಿನ ಅದೇ 4x2 ಲಾರಿ ಮತ್ತು ಟ್ರೇಲರಿನಲ್ಲಿ 24 ಟನ್ ಸರಕು ತುಂಬಿದರೆ, ಅದರ ಭಾರದ ನಡು ಪಿನ್ನಿನಿಂದ ಎಷ್ಟು ದೂರದಿಂದ ಎಷ್ಟು ದೂರದವರೆಗೆ ಇರಬಹುದು?

ಎರಡು: ಟ್ರೇಲರಿನ ಖಾಲಿ ತೂಕ 8 ಟನ್ ಬದಲು 6 ಟನ್ ಇದ್ದರೆ, ಆಕ್ಸಲ್ ಮಿತಿಯೊಳಗೆ ಗರಿಷ್ಠ ಸರಕು ಎಷ್ಟು?

ಉತ್ತರ: ಒಂದನೆಯದಕ್ಕೆ ಸುಮಾರು 5.1 ಮೀಟರಿನಿಂದ 7 ಮೀಟರ್. 28 ಟನ್‌ಗೆ ಅರ್ಧ ಮೀಟರ್ ಇದ್ದ ಜಾಗ ನಾಲ್ಕು ಟನ್ ಕಡಿಮೆ ಮಾಡಿದ ಕೂಡಲೇ ಸುಮಾರು ಎರಡು ಮೀಟರ್ ಆಯಿತು. ಎರಡನೆಯದಕ್ಕೆ 31.8 ಟನ್. ಉತ್ತರ ಬೇರೆ ಬಂದರೆ ಮಧ್ಯಾಹ್ನದ ಬಿಡುವಿನಲ್ಲಿ ಕಾಮರ್ಸ್ ವಿಭಾಗಕ್ಕೆ ಬನ್ನಿ, ಕೂತು ಮಾಡೋಣ.